ವೆಲ್ಲೂರಿನ ಬಾಗಾಯಂನಲ್ಲಿ ಹತ್ತು ವಾರ

ವೆಲ್ಲೂರನ್ನು ನೋಡಿ ಬಂದವರು ಅಲ್ಲಿಯ ಕೋಟೆಯ ಕಂದಕವನ್ನೂ ಜಲಕಂಠೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳನ್ನೂ ಬಣ್ಣಿಸುವುದು ವಾಡಿಕೆ. ನಾವು ಆ ಊರಿಗೆ ಹೋದದ್ದು ಕೋಟೆಯನ್ನು ನೋಡುವುದಕ್ಕಾಗಿ ಅಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದಿದ್ದ ನಮ್ಮ ಸೋದರಳಿಯನನ್ನು ಕರೆದುಕೊಂಡು, ಆತನ ಕಾಲುಗಳ ಬಲವನ್ನು ಮರಳಿ ಪಡೆದು ತರುತ್ತೇವೆಂಬ ಆಸೆಯಿಂದ ಹೋಗಿದ್ದೆವು. ಕಾಲುಗಳ ಬಲ ಮರಳಲಿಲ್ಲ. ಆದರೂ ನಾವು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಅಲ್ಲಿ ಪಡೆದುದೇನು ಎಂಬುದನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಅನಿಸುತ್ತಿತ್ತು. ಇಂಥ ಸಂಕಟವು ಯಾವ ಮನೆಯ ಬಾಗಿಲನ್ನು ಯಾವಾಗ ತಟ್ಟುವುದೆಂದು ಹೇಳಲಾಗದು. ತಟ್ಟಿದಾಗ ನಾವು ಮಾಡಿದ ತಪ್ಪುಗಳನ್ನು ಇನ್ನೊಬ್ಬರು ಮಾಡದಿರಲಿ ಎಂಬುದೇ ಈ ಬರಹದ ಉದ್ದೇಶ.

ನಮ್ಮ ತಂಗಿಯ ಮನೆ ಮಲೆನಾಡಿನ ಹೊಸನಗರ ಸೀಮೆಯಲ್ಲಿದೆ. ಎರಡು ಎಕರೆ ಅಡಿಕೆ ತೋಟವೇ ಆ ಸಂಸಾರಕ್ಕೆ ಆಧಾರ. 2022ರ ಜೂನ್ ತಿಂಗಳು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಆ ಕೆಲಸಕ್ಕೆ ಮರ ಹತ್ತುವವರು ಈಚೆಗೆ ಸಿಕ್ಕುವುದೇ ದುರ್ಲಭ. ಇಪ್ಪತ್ತಾರು ವಯಸ್ಸಿನ ಸೋದರಳಿಯ ತಾನೇ ಹತ್ತಿದ. ಹಿಂದಿನ ರಾತ್ರಿಯ ಮಳೆಗೆ ಮರ ಜಾರುತ್ತಿತ್ತು. ನಾಲ್ವತ್ತು ಅಡಿ ಎತ್ತರದಿಂದ ಬಿದ್ದವನನ್ನು ಕೆಲಸದವರು ಕೈಕಾಲು ಹಿಡಿದು ಎತ್ತಿ, ಕಂಬಳಿಯಲ್ಲಿ ಮಡಚಿದಂತೆ ಹೊತ್ತು, ಜೀಪಿನ ಹಿಂಬದಿಯಲ್ಲಿ ಕೂರಿಸಿಕೊಂಡು ಹೊರಟರು. ಅವರ ಕಣ್ಣಲ್ಲಿ ನೀರಿತ್ತು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಎತ್ತರದಿಂದ ಬಿದ್ದವರನ್ನು ಹಾಗೆ ಎತ್ತಕೂಡದು. ಕತ್ತು ಬೆನ್ನು ಬಾಗದಂತೆ, ಮೂರು ನಾಲ್ಕು ಜನ ಸೇರಿ ಮರದ ದಿಮ್ಮಿಯನ್ನು ಹೊರಳಿಸುವಂತೆ ಒಟ್ಟಿಗೆ ಹೊರಳಿಸಿ, ಬಾಗಿಲಿನ ಹಲಗೆಯಂಥ ಸಮತಟ್ಟಾದ ಆಸರೆಯ ಮೇಲೆ ಮಲಗಿಸಿ ಒಯ್ಯಬೇಕು. ಇದು ನಮಗೆ ಯಾರಿಗೂ ತಿಳಿದಿರಲಿಲ್ಲ. ಹಾನಿ ಬಿದ್ದಾಗಲೇ ಆಯಿತೋ, ಎತ್ತಿದಾಗ ಹೆಚ್ಚಿತೋ, ಈಗ ಯಾರೂ ಹೇಳಲಾರರು.

ಶಸ್ತ್ರಚಿಕಿತ್ಸೆಯಾಯಿತು. ಮುರಿದ ಮೂಳೆಗೆ ಸರಳು ತಿರುಪುಗಳನ್ನು ಹಾಕಿ ಭದ್ರಪಡಿಸಿದರು. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಮನೆಗೆ ಕರೆತಂದೆವು. ಅಲ್ಲಿಂದ ಮುಂದಿನ ಎರಡು ತಿಂಗಳು ನಾವೆಲ್ಲ ಸೇರಿ ಆತನನ್ನು ನೋಡಿಕೊಂಡ ಬಗೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ತಂಗಿ ತುತ್ತು ಮಾಡಿ ಬಾಯಿಗಿಟ್ಟಳು. ಭಾವನವರು ಮೈ ಒರೆಸಿದರು. ಬಂದ ನೆಂಟರು ತಲೆ ಸವರಿ ಕಣ್ಣೊರೆಸಿಕೊಂಡರು. ನಾವು ಪ್ರತಿ ವಾರ ಹೋಗಿ ಮಂಚದ ಪಕ್ಕದಲ್ಲಿ ಕುಳಿತು, "ಇನ್ನು ಮೂರು ತಿಂಗಳು ತಾಳು, ಎದ್ದು ಓಡಾಡುವೆ" ಎಂದು ಧೈರ್ಯ ಹೇಳಿದೆವು. ಯಾವ ಆಧಾರದ ಮೇಲೆ ಹೇಳಿದೆವು? ಯಾವ ಆಧಾರವೂ ಇರಲಿಲ್ಲ. ಸುಳ್ಳಾಡಬಾರದೆಂದು ನಾಲ್ವತ್ತು ವರ್ಷ ಪ್ರವಚನ ಹೇಳಿದ ನಾಲಗೆಯೇ ಅದು.

ಹೀಗಿರುವಾಗ ಒಂದು ದಿನ ಹಾಸಿಗೆ ಬದಲಿಸುವಾಗ ಸೊಂಟದ ಹಿಂದೆ ಅಂಗೈ ಅಗಲದ ಹುಣ್ಣು ಕಂಡಿತು. ಆರೋಗ್ಯವಂತರು ನಿದ್ದೆಯಲ್ಲಿಯೂ ಮಗ್ಗಲು ಬದಲಿಸುತ್ತಾರೆ. ಒತ್ತಡದ ನೋವೇ ಅವರನ್ನು ಹೊರಳಿಸುತ್ತದೆ. ಸ್ಪರ್ಶವಿಲ್ಲದ ಮೈಗೆ ಆ ಎಚ್ಚರಿಕೆಯಿಲ್ಲ. ಮೂಳೆಯುಬ್ಬಿದ ಕಡೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದ್ದರೆ ಸಾಕಿತ್ತು. ನಾವು ಆತನಿಗೆ ನೋವಾಗದಿರಲೆಂದು ಅಲುಗಿಸದೆ ಮಲಗಿಸಿದ್ದೆವು! ಹುಣ್ಣನ್ನು ನೋಡಿದ ಪರಿಚಿತ ವೈದ್ಯರೊಬ್ಬರು, "ಇನ್ನು ತಡಮಾಡಬೇಡಿ, ವೆಲ್ಲೂರಿನ ಪುನಶ್ಚೇತನ ಕೇಂದ್ರಕ್ಕೆ ಬರೆದು ಕೇಳಿ" ಎಂದರು.

ಸೆಪ್ಟೆಂಬರ್ ತಿಂಗಳಲ್ಲಿ ಹಾಸಿಗೆ ಹಾಕಿದ ವ್ಯಾನಿನಲ್ಲಿ ಹೊರಟೆವು. ಬೆಂಗಳೂರು ದಾಟಿ, ಹೊಸೂರು, ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರುಗಳ ಮಾರ್ಗವಾಗಿ ವೆಲ್ಲೂರಿಗೆ ದಾರಿ. ಕೃಷ್ಣಗಿರಿ ಕಳೆದ ಮೇಲೆ ಎಡಬಲಗಳಲ್ಲಿ ಬೋಳು ಬಂಡೆಯ ಗುಡ್ಡಗಳು ಜೊತೆಯಾಗುತ್ತವೆ. ವಾಣಿಯಂಬಾಡಿಯಿಂದ ಮುಂದೆ ಪಾಲಾರ್ ನದಿಯ ಪಾತ್ರ ಕಾಣತೊಡಗುತ್ತದೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ನದಿಯದು. ವರ್ಷದ ಬಹುಭಾಗ ಮೇಲೆ ಬರಿಯ ಮರಳು. ನೀರಿಗಾಗಿ ಜನ ಮರಳನ್ನು ತೋಡುತ್ತಾರೆ. ಮಲಗಿದ್ದ ಸೋದರಳಿಯನಿಗೆ ಇದಾವುದೂ ಕಾಣುತ್ತಿರಲಿಲ್ಲ. ಆತನ ಪಾಲಿಗೆ ಆ ಪ್ರಯಾಣವೆಲ್ಲ ವ್ಯಾನಿನ ತಗಡಿನ ಚಾವಣಿಯಷ್ಟೆ. ದಾರಿಯುದ್ದಕ್ಕೂ ಒಂದೇ ಒಂದು ಮಾತು ಕೇಳಿದ: "ಮಾವ, ಅಲ್ಲಿ ನಿಜ ಹೇಳ್ತಾರಾ?" ನಾವು ಉತ್ತರಿಸಲಿಲ್ಲ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೆಸರನ್ನು ಕೇಳದವರು ವಿರಳ. ಐಡಾ ಸ್ಕಡರ್ ಎಂಬ ಮಹಿಳೆ 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ಸಂಸ್ಥೆಯದು. ಹಳೆಯ ಆಸ್ಪತ್ರೆ ಪೇಟೆಯ ನಡುವೆ ಇದೆ. ಪುನಶ್ಚೇತನ ಕೇಂದ್ರವಿರುವುದು ಊರಿನ ಹೊರಗೆ, ಕಾಲೇಜಿನ ಬಳಿ, ಗುಡ್ಡಗಳ ಮಗ್ಗುಲಲ್ಲಿರುವ ಬಾಗಾಯಂನಲ್ಲಿ. ಪೇಟೆಯ ಗದ್ದಲದಿಂದ ಅಲ್ಲಿಗೆ ಬಂದರೆ ಬೇರೊಂದು ಊರಿಗೆ ಬಂದಂತಾಗುತ್ತದೆ. ಮರಗಳ ನೆರಳು, ಹಕ್ಕಿಗಳ ಸದ್ದು. ಆದರೆ ನಮ್ಮ ಗಮನವನ್ನು ಮೊದಲು ಸೆಳೆದದ್ದು ಬೇರೆಯೇ ಸಂಗತಿ: ಓಡಾಡುವ ದಾರಿಯಲ್ಲೆಲ್ಲ ಮೆಟ್ಟಿಲಿನ ಬದಲು ಇಳಿಜಾರು. ಗಾಲಿಕುರ್ಚಿಯಲ್ಲಿದ್ದವರು ಯಾರನ್ನೂ ಕರೆಯದೆ, ಯಾರಿಗೂ ಕಾಯದೆ, ತಾವೇ ಚಕ್ರ ತಿರುಗಿಸಿಕೊಂಡು ಹೋಗುತ್ತಿದ್ದರು. ಒಬ್ಬ ಹುಡುಗ ಮಡಿಲಲ್ಲಿ ಚಹಾದ ಫ್ಲಾಸ್ಕನ್ನಿಟ್ಟುಕೊಂಡು ನಮ್ಮ ಪಕ್ಕದಲ್ಲೇ ರಭಸದಿಂದ ಸಾಗಿದ. ಸ್ಟ್ರೆಚರಿನ ಮೇಲಿದ್ದ ಸೋದರಳಿಯ ತಲೆಯೆತ್ತಿ ಆತನನ್ನೇ ನೋಡುತ್ತಿದ್ದುದನ್ನು ಕಂಡೆವು.

ಈ ಕೇಂದ್ರದ ಹಿಂದೆ ಒಬ್ಬ ಮಹನೀಯಳ ಕಥೆಯಿದೆ. ಡಾ. ಮೇರಿ ವರ್ಗೀಸ್ ಕೇರಳದವರು, 1925ರಲ್ಲಿ ಜನಿಸಿದವರು. ಇದೇ ಕಾಲೇಜಿನಲ್ಲಿ ಓದಿ ವೈದ್ಯೆಯಾಗಿ, ಸ್ತ್ರೀರೋಗ ಚಿಕಿತ್ಸೆಯಲ್ಲಿ ಮುಂದುವರಿಯಬೇಕೆಂದಿದ್ದರು. 1954ರಲ್ಲಿ ಗೆಳೆಯರೊಡನೆ ಹೋಗುತ್ತಿದ್ದ ವಾಹನ ಉರುಳಿ ಅವರ ಬೆನ್ನುಹುರಿ ಜಖಂಗೊಂಡಿತು. ಸೊಂಟದ ಕೆಳಗಿನ ಬಲ ಹೋಯಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅಂದಿನ ದಿನಗಳಲ್ಲಿ ಇಂಥವರಿಗೆ ನಮ್ಮ ದೇಶದಲ್ಲಿ ಪುನಶ್ಚೇತನದ ವ್ಯವಸ್ಥೆಯೇ ಇರಲಿಲ್ಲವೆನ್ನಬೇಕು. ಅದೇ ಸಂಸ್ಥೆಯಲ್ಲಿ ಕುಷ್ಠರೋಗಿಗಳ ಸೊಟ್ಟಗಾದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಅವರ ಬಳಿ ಮೇರಿ ವರ್ಗೀಸ್ ಆ ವಿದ್ಯೆಯನ್ನು ಕಲಿತರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತುಕೊಂಡೇ ಮಾಡಬಹುದಷ್ಟೆ! ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆ ಕೈ ಕಳೆದುಕೊಂಡವರಿಗೆ ಕೈ ಕೊಟ್ಟರು. ಮುಂದೆ ಆಸ್ಟ್ರೇಲಿಯದ ಪರ್ತ್‌ನಲ್ಲಿ ತಾವೇ ಪುನಶ್ಚೇತನದ ಶಿಕ್ಷಣ ಪಡೆದು, ಅಮೆರಿಕದ ನ್ಯೂಯಾರ್ಕಿನಲ್ಲಿ ಡಾ. ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಆ ಶಾಸ್ತ್ರವನ್ನು ಅಭ್ಯಸಿಸಿ, ಮರಳಿ ಬಂದು ಈ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಬಾಗಾಯಂನ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಗೌರವ ಬಂತು. 1986ರಲ್ಲಿ ಅವರು ಲಿಂಗೈಕ್ಯರಾದರೆನ್ನುವ ಮಾತು ನಮ್ಮ ಲೇಖನಿಯ ತುದಿಗೆ ಬಂದಿತ್ತು; ಅವರ ಮಾರ್ಗ ಬೇರೆ, ಆದ್ದರಿಂದ ನಿಧನರಾದರು ಎಂದೇ ಬರೆಯುತ್ತೇವೆ. ಗೌರವ ಮಾತ್ರ ಎರಡು ಮಾತಿನಲ್ಲಿಯೂ ಒಂದೇ.

ಮೊದಲ ವಾರವೇ ವೈದ್ಯರು ನಮ್ಮನ್ನೂ ತಂಗಿಯನ್ನೂ ಸೋದರಳಿಯನ ಎದುರಿನಲ್ಲಿಯೇ ಕೂರಿಸಿಕೊಂಡರು. ಕಾಗದದ ಮೇಲೆ ಬೆನ್ನಿನ ಚಿತ್ರ ಬರೆದರು. ಎದೆಯ ಭಾಗದಲ್ಲಿ ಬೆನ್ನಿನ ಮಣಿಗಳು ಹನ್ನೆರಡು. ಅವುಗಳಲ್ಲಿ ಹತ್ತನೆಯದರ ಬಳಿ ಹುರಿಗೆ ಪೆಟ್ಟು ಬಿದ್ದಿದೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಬೆನ್ನುಹುರಿ ಹಾಗೆ ಕೂಡಿಕೊಳ್ಳುವುದಿಲ್ಲ. ಪೆಟ್ಟಾದ ಮೊದಲ ದಿನಗಳಲ್ಲಿ ಅಷ್ಟಿಷ್ಟು ಸ್ಪರ್ಶ ಉಳಿದಿದ್ದವರಲ್ಲಿ ಬಲ ಮರಳುವ ಸಂಭವ ಹೆಚ್ಚು. ಈತನಲ್ಲಿ ಅದು ಉಳಿದಿಲ್ಲ. "ಹಾಗಾದರೆ ನಡೆಯುವುದು ಯಾವಾಗ?" ಎಂದು ನಾವು ಕೇಳಿದೆವು. ವೈದ್ಯರು ನಮ್ಮ ಕಡೆಗೆ ತಿರುಗದೆ ಸೋದರಳಿಯನನ್ನೇ ನೋಡುತ್ತ, ಮೊದಲಿನಂತೆ ನಡೆಯುವುದು ಆಗಲಾರದು, ಪಟ್ಟಿಗಳನ್ನು ಕಟ್ಟಿಕೊಂಡು ಊರುಗೋಲಿನ ಮೇಲೆ ಕೆಲವು ಹೆಜ್ಜೆ ಇಡಬಹುದು, ದಿನದ ಬಾಳುವೆಯೆಲ್ಲ ಗಾಲಿಕುರ್ಚಿಯಲ್ಲಿ ಎಂದು ಮೆಲ್ಲನೆ ಹೇಳಿದರು.

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮಗೆ ನೆಲ ಕುಸಿದಂತಾಯಿತು. ಸೋದರಳಿಯ ಮಾತ್ರ ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ನನಗೆ ಮೊದಲೇ ಗೊತ್ತಿತ್ತು ಮಾವ. ನೀವು ಬೇಜಾರು ಮಾಡ್ಕೋಬಾರದು ಅಂತ ಸುಮ್ಮನಿದ್ದೆ. ಕಾಲಿನ ಮಾತು ಬಿಡಿ. ಮನೆಯಿಂದ ತೋಟದವರೆಗೆ ನಾನೊಬ್ಬನೇ ಹೋಗೋದನ್ನ ಹೇಳಿಕೊಡ್ತಾರಾ, ಕೇಳಿ" ಎಂದ. ನಾವು ಆತನಿಗೆ ಧೈರ್ಯ ಹೇಳುತ್ತಿದ್ದೇವೆಂದು ತಿಳಿದಿದ್ದೆವು; ಆತ ನಮ್ಮ ಧೈರ್ಯವನ್ನು ಕಾಯುತ್ತಿದ್ದ.

ಅಲ್ಲಿಯ ದಿನಚರಿ ಮಠದ ದಿನಚರಿಯನ್ನು ನೆನಪಿಸಿತು. ನಿಯಮ, ಹೊತ್ತು, ಪುನರಾವರ್ತನೆ. ತಿಂಗಳುಗಟ್ಟಲೆ ಮಲಗಿದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಆದ್ದರಿಂದ ವಾಲಿಸಬಹುದಾದ ಒಂದು ಮೇಜಿನ ಮೇಲೆ ಪಟ್ಟಿ ಬಿಗಿದು ಮಲಗಿಸಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾರೆ. ಬಳಿಕ ತೋಳುಗಳಿಗೆ ಬಲ ತುಂಬುವ ಅಭ್ಯಾಸ, ಏಕೆಂದರೆ ಇನ್ನು ಮೈಯ ಭಾರವನ್ನೆಲ್ಲ ಹೊರಬೇಕಾದವು ತೋಳುಗಳೇ. ಅಂಗೈಗಳನ್ನು ಊರಿ ಮೈಯನ್ನು ಎತ್ತಿ ಹಿಡಿಯುವುದು, ಇಳಿಸುವುದು, ಮತ್ತೆ ಎತ್ತುವುದು. ಬಂಗಾಳದ ಯುವಕ, ಆಂಧ್ರದ ಲಾರಿ ಚಾಲಕ, ನಮ್ಮ ಮಲೆನಾಡಿನ ಹುಡುಗ, ಎಲ್ಲರೂ ಸಾಲಾಗಿ ಕುಳಿತು ತಮಿಳಿನಲ್ಲಿ "ಒಣ್ಣು, ರೆಂಡು, ಮೂಣು" ಎಂದು ಎಣಿಸುತ್ತಿದ್ದರು. ಕನ್ನಡದಲ್ಲಿ ಎಣಿಸುವಾಗ ಹತ್ತಕ್ಕೇ ನಿಲ್ಲುತ್ತಿದ್ದವನು ತಮಿಳಿನಲ್ಲಿ ಹದಿನೈದಕ್ಕೆ ಹೋದನೆಂದು ನಾವು ನಗೆಯಾಡಿದ್ದುಂಟು.

ಶಾಸ್ತ್ರ ಓದಿದ ನಮಗೆ ಅಲ್ಲಿ ಬೇರೆಯೇ ಪಾಠ. ಶರೀರ ನಶ್ವರವೆಂದು ಹೇಳಿ ಮುಂದೆ ಸಾಗುತ್ತಿದ್ದೆವೇ ಹೊರತು, ಆ ಶರೀರವನ್ನು ದಿನವೂ ಕಾಯುವ ಬಗೆ ನಮಗೆಲ್ಲಿ ಗೊತ್ತಿತ್ತು? ಕುರ್ಚಿಯಲ್ಲಿ ಕುಳಿತಾಗ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ ಮೈಯೆತ್ತಿ ಇಲ್ಲವೆ ವಾಲಿಸಿ ಒತ್ತಡ ತಪ್ಪಿಸಬೇಕು. ಬೆಳಿಗ್ಗೆ ಸಂಜೆ ಕೈಗನ್ನಡಿ ಹಿಡಿದು ಬೆನ್ನು, ಪೃಷ್ಠ, ಹಿಮ್ಮಡಿಗಳ ಚರ್ಮವನ್ನು ತಾನೇ ಪರೀಕ್ಷಿಸಬೇಕು; ಕೆಂಪು ಕಂಡರೆ ಆ ಭಾಗದ ಮೇಲೆ ಭಾರ ಹಾಕಬಾರದು. ಮೂತ್ರಕೋಶ ತುಂಬಿದ್ದು ತಿಳಿಯದಾದ್ದರಿಂದ ನಾಲ್ಕರಿಂದ ಆರು ಗಂಟೆಗೊಮ್ಮೆ ಶುಭ್ರವಾದ ನಳಿಕೆಯಿಂದ ತಾನೇ ಖಾಲಿ ಮಾಡಿಕೊಳ್ಳಬೇಕು. ಅಲಕ್ಷಿಸಿದರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಮಲವಿಸರ್ಜನೆಗೂ ದಿನದ ಒಂದೇ ಹೊತ್ತನ್ನು ರೂಢಿಸಬೇಕು. ಕುಟುಂಬದ ಪತ್ರಿಕೆಯಲ್ಲಿ ಇಂಥ ಮಾತು ಬೇಕೇ ಎಂದು ಯಾರೂ ಕೇಳಬಾರದು. ಬೆನ್ನುಹುರಿ ಮುರಿದವರ ಪ್ರಾಣವನ್ನು ಹಿಂದೆ ಕೊಳ್ಳುತ್ತಿದ್ದುದು ಬಹುಪಾಲು ಈ ಹುಣ್ಣು ಮತ್ತು ಈ ಸೋಂಕುಗಳೇ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ 1944ರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಎಂಬವರು ಯುದ್ಧದಲ್ಲಿ ಗಾಯಗೊಂಡವರಿಗಾಗಿ ವಿಭಾಗವೊಂದನ್ನು ತೆರೆದು, ಮಗ್ಗಲು ಬದಲಿಸುವಂಥ ಸಾಮಾನ್ಯ ನಿಯಮಗಳನ್ನು ತಪ್ಪದೆ ಪಾಲಿಸಿ ಇಂಥವರು ಬದುಕಬಲ್ಲರೆಂದು ತೋರಿಸಿಕೊಟ್ಟರು. 1948ರಲ್ಲಿ ಅಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೀಜ ಅದೇ.

ಮೂರನೆಯ ವಾರದ ಒಂದು ಮುಂಜಾನೆಯನ್ನು ನಾವು ಮರೆಯಲಾರೆವು. ಆ ದಿನ ಸೋದರಳಿಯ ತಾನಾಗಿ ಪ್ಯಾಂಟು ತೊಡುವುದನ್ನು ಕಲಿಯಬೇಕಿತ್ತು. ಚಿಕಿತ್ಸಕಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಸಿಗೆಯ ಮೇಲೆ ಕುಳಿತು, ಒಂದು ಕಾಲನ್ನು ಕೈಯಿಂದ ಎತ್ತಿ ಮಡಚಿ, ಬಟ್ಟೆಯ ತೋಳಿನೊಳಗೆ ತೂರಿಸಿ, ಮಗ್ಗಲಿಗೆ ಹೊರಳಿ ಸೊಂಟಕ್ಕೆ ಏರಿಸಬೇಕು. ಕಾಲು ಎತ್ತಿದಾಗಲೆಲ್ಲ ಮೈ ವಾಲಿ ಬೀಳುತ್ತಿತ್ತು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಹಣೆಯಿಂದ ಬೆವರು ಇಳಿಯುತ್ತಿತ್ತು. ತಂಗಿಗೆ ತಡೆಯಲಾಗಲಿಲ್ಲ, ಎದ್ದು ಹೋಗಿ ಕಾಲಿಗೆ ಕೈ ಹಾಕಿದಳು. ಚಿಕಿತ್ಸಕಿ ಮೃದುವಾಗಿ ಆಕೆಯ ಕೈಯನ್ನು ಹಿಡಿದು ಹಿಂದಕ್ಕೆ ಕರೆತಂದು ಕೂರಿಸಿದಳು. ನಾವೂ ಸಿಡುಕಿನಿಂದ, "ಅರ್ಧ ನಿಮಿಷದ ಕೆಲಸ, ತಾಯಿ ಮಾಡಿದರೆ ತಪ್ಪೇನು?" ಎಂದೆವು. ಆಕೆ ನಗುನಗುತ್ತ ಕೇಳಿದಳು: "ನೀವು ಎಷ್ಟು ವರ್ಷ ಮಾಡಿಕೊಡುತ್ತೀರಿ, ಅಯ್ಯಾ?"

ನಮಗೆ ಅರುವತ್ತನಾಲ್ಕು, ತಂಗಿಗೆ ಐವತ್ತೆಂಟು, ಆತನಿಗೆ ಇಪ್ಪತ್ತಾರು. ಲೆಕ್ಕ ಕಷ್ಟದ್ದಲ್ಲ. ನಾವು ಮೌನವಾದೆವು. ನಾಲ್ವತ್ತು ನಿಮಿಷಗಳ ಮೇಲೆ ಆತ ಸೊಂಟದ ಗುಂಡಿ ಹಾಕಿಕೊಂಡು ತಾಯಿಯ ಕಡೆಗೆ ನೋಡಿದ. ಬಿದ್ದ ದಿನದಿಂದ ಆ ಮುಖದಲ್ಲಿ ಕಾಣದಿದ್ದ ಒಂದು ಬೆಳಕನ್ನು ಅಂದು ಕಂಡೆವು. ಮನೆಯಲ್ಲಿ ಎರಡು ತಿಂಗಳು ನಾವೆಲ್ಲ ಪ್ರೀತಿಯಿಂದ ಆತನ ಕೈಯಲ್ಲಿದ್ದ ಕೆಲಸವನ್ನೆಲ್ಲ ಕಿತ್ತುಕೊಂಡಿದ್ದೆವು. ಕಾಲುಗಳನ್ನು ಕಿತ್ತುಕೊಂಡದ್ದು ಮರ. ಕೈಗಳನ್ನು ಕಿತ್ತುಕೊಂಡದ್ದು ನಮ್ಮ ಕನಿಕರ. ಕಾಯಕವೆಂದರೇನೆಂದು ವೇದಿಕೆಗಳಲ್ಲಿ ಗಂಟೆಗಟ್ಟಲೆ ಹೇಳಿದ ನಾವು, ಮನೆಯ ಹುಡುಗನಿಗೆ ತನ್ನ ಅಂಗಿ ತಾನು ತೊಡುವ ಕಾಯಕವನ್ನೂ ಉಳಿಸಿರಲಿಲ್ಲ.

ಐದನೆಯ ವಾರದ ಹೊತ್ತಿಗೆ ಹುಣ್ಣು ಮಾಯುತ್ತ ಬಂದಿತ್ತು. ಮತ್ತೊಂದು ಸಂಗತಿ ಆತನ ಮನಸ್ಸಿನಲ್ಲಿದ್ದುದು ನಮಗೆ ತಿಳಿದಿರಲಿಲ್ಲ. ಬಿದ್ದ ಮೇಲೆ ಆತ ಇಷ್ಟಲಿಂಗ ಪೂಜೆಯನ್ನು ನಿಲ್ಲಿಸಿದ್ದ. ಬೇಸರದಿಂದಿರಬೇಕೆಂದು ನಾವು ಕೇಳಿರಲಿಲ್ಲ. ಕಾರಣ ಬೇರೆಯಿತ್ತು: ಕುಳಿತರೆ ಎರಡೂ ಕೈಗಳನ್ನು ಹಾಸಿಗೆಗೆ ಊರಿಕೊಳ್ಳಲೇಬೇಕು, ಕೈ ಬಿಟ್ಟರೆ ಮೈ ಉರುಳುತ್ತದೆ. ಎಡಗೈಯಲ್ಲಿ ಲಿಂಗವನ್ನು ಹಿಡಿಯುವುದು ಹೇಗೆ? ನಿನಗೆ ಮುಖ್ಯವಾಗಿ ಏನು ಸಾಧ್ಯವಾಗಬೇಕೆಂದು ಚಿಕಿತ್ಸಕಿ ಕೇಳಿದಾಗ ಆತ ಇದನ್ನು ಹೇಳಿದ್ದ. ಬೇರೆ ಧರ್ಮದ ಆ ಹೆಣ್ಣುಮಗಳು ಅದನ್ನು ತನ್ನ ಪುಸ್ತಕದಲ್ಲಿ ಗುರಿಯೆಂದು ಬರೆದುಕೊಂಡು, ಮೊದಲು ಒಂದು ಕೈ, ಆಮೇಲೆ ಇನ್ನೊಂದು, ಬಳಿಕ ಎರಡೂ ಕೈಯಲ್ಲಿ ಚೆಂಡು ಹಿಡಿದು ಕೂರುವುದು, ಹೀಗೆ ಕ್ರಮವಾಗಿ ಅಭ್ಯಾಸ ಮಾಡಿಸಿದ್ದಳು. ಒಂದು ಬೆಳಿಗ್ಗೆ ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆತ ಹಾಸಿಗೆಯ ಮೇಲೆ ಯಾವ ಆಸರೆಯೂ ಇಲ್ಲದೆ ಕುಳಿತು ಪೂಜೆ ಮಾಡಿಕೊಳ್ಳುತ್ತಿದ್ದ. ನಾವು ಬಾಗಿಲಿನಲ್ಲಿಯೇ ನಿಂತೆವು. ಒಳಗೆ ಹೋಗಬೇಕೆನಿಸಲಿಲ್ಲ.

ಎಲ್ಲ ದಿನಗಳೂ ಹೀಗೆ ಹೋದವೆಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಸೋದರಳಿಯನಿಗೆ ಮದುವೆ ನಿಶ್ಚಯವಾಗಿತ್ತು. ಆ ಸಂಬಂಧ ತಪ್ಪಿಹೋದ ಸುದ್ದಿ ವೆಲ್ಲೂರಿಗೇ ಬಂತು. ಎರಡು ದಿನ ಆತ ವ್ಯಾಯಾಮಕ್ಕೆ ಹೋಗಲಿಲ್ಲ, ಉಣ್ಣಲಿಲ್ಲ. ಕಾಲುಗಳು ತಾವಾಗಿ ಸೆಟೆದು ಅದುರುವುದನ್ನು ಕಂಡು ತಂಗಿ ಬಲ ಬಂತೆಂದು ಹಿಗ್ಗಿದಳು. ಅದು ಮೆದುಳಿನ ಹಿಡಿತ ತಪ್ಪಿದ ಸ್ನಾಯುಗಳ ಸೆಡೆತವೆಂದು ತಿಳಿದಾಗ ಮತ್ತೆ ಅತ್ತಳು. ಆಗೆಲ್ಲ ನಮ್ಮ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿದವನು ಪಕ್ಕದ ಹಾಸಿಗೆಯ ಆಂಧ್ರದ ಚಾಲಕ. ಆತ ಹೆಚ್ಚು ಮಾತಾಡುತ್ತಿರಲಿಲ್ಲ. ತನ್ನ ಕುರ್ಚಿಯನ್ನು ತಂದು ಮಂಚಕ್ಕೆ ತಾಗಿಸಿ ನಿಲ್ಲಿಸಿಕೊಂಡು ಕುಳಿತಿರುತ್ತಿದ್ದ, ಅಷ್ಟೆ. ಈ ಕೇಂದ್ರದವರು ವರ್ಷಕ್ಕೊಮ್ಮೆ ಹಳಬರನ್ನೆಲ್ಲ ಕರೆಸಿ 'ರಿಹ್ಯಾಬ್ ಮೇಳ' ನಡೆಸುತ್ತಾರೆ. ತಪಾಸಣೆಯೂ ಆಗುತ್ತದೆ, ಆಟಪಾಟವೂ ಆಗುತ್ತದೆ. ಹೊಸದಾಗಿ ಬಿದ್ದವರಿಗೆ ಹತ್ತು ವರ್ಷಗಳ ಹಿಂದೆ ಬಿದ್ದವರನ್ನು ಕಾಣುವುದಕ್ಕಿಂತ ದೊಡ್ಡ ಔಷಧಿಯಿಲ್ಲವೆಂದು ಈಗ ನಂಬುತ್ತೇವೆ.

ಒಂದು ಭಾನುವಾರ ಕೋಟೆಯನ್ನೂ ನೋಡಿದೆವು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಟಿಪ್ಪುವಿನ ಕುಟುಂಬದವರನ್ನು ಇರಿಸಿದ್ದು ಇಲ್ಲಿಯೇ. 1806ರ ಜುಲೈಯಲ್ಲಿ ಸಿಪಾಯಿಗಳು ದಂಗೆಯೆದ್ದದ್ದೂ ಇಲ್ಲಿಯೇ. ಆ ಇತಿಹಾಸವನ್ನು ವಿವರಿಸುತ್ತ ನಾವು ಮುಂದೆ ನಡೆದೆವು. ಹಿಂದಿರುಗಿ ನೋಡಿದರೆ ಸೋದರಳಿಯ ದೂರದಲ್ಲಿ ನಿಂತಿದ್ದ. ನಮ್ಮ ಕಣ್ಣಿಗೆ ಬೀಳದ ಒಂದು ಕಲ್ಲಿನ ಹೊಸ್ತಿಲು ಆತನಿಗೆ ಅಡ್ಡವಾಗಿತ್ತು. ಸುತ್ತಲಿದ್ದವರು ಸೇರಿ ಎತ್ತಿ ದಾಟಿಸಿದರು. ಅಂದಿನಿಂದ ನಾವು ಹೋದೆಡೆಯಲ್ಲೆಲ್ಲ ಶಿಲ್ಪಕ್ಕಿಂತ ಮೊದಲು ಹೊಸ್ತಿಲನ್ನು ನೋಡುವುದನ್ನು ಕಲಿತೆವು.

ನವೆಂಬರ್ ಕೊನೆಯಲ್ಲಿ ಊರಿಗೆ ಹೊರಟೆವು. ಮಲಗಿ ಬಂದವನು ಕಾಟ್ಪಾಡಿ ನಿಲ್ದಾಣದಿಂದ ರೈಲಿನಲ್ಲಿ ಕುಳಿತು ಹೊರಟ. ಡಬ್ಬಿಯ ಮೆಟ್ಟಿಲು ಕಡಿದಾದುದು, ಬಾಗಿಲು ಇಕ್ಕಟ್ಟು. ಅಲ್ಲಿ ಮಾತ್ರ ನಾಲ್ವರು ಕೂಲಿಗಳು ಎತ್ತಬೇಕಾಯಿತು. ಹೇಗೆ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಆತನೇ ಅವರಿಗೆ ಹೇಳಿಕೊಟ್ಟ. ಜೋಲಾರಪೇಟೆ ದಾಟಿ ರೈಲು ನಮ್ಮ ಪ್ರಸ್ಥಭೂಮಿಯನ್ನು ಏರುವಾಗ ಆತ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಮನೆಯಲ್ಲಿ ಭಾವನವರು ಆಗಲೇ ಕೆಲಸ ಮಾಡಿಸಿದ್ದರು. ಜಗಲಿಗೆ ಇಳಿಜಾರು, ಬಚ್ಚಲಿಗೆ ಅಗಲವಾದ ಬಾಗಿಲು, ಗೋಡೆಗೆ ಹಿಡಿಕೆ, ತೋಟದ ಮೊದಲ ಸಾಲಿನವರೆಗೆ ಸಿಮೆಂಟಿನ ಕಾಲುದಾರಿ. ಈಗ ಸೋದರಳಿಯ ಅಡಿಕೆಯನ್ನು ಆರಿಸುತ್ತಾನೆ, ತೂಕ ಲೆಕ್ಕ ನೋಡುತ್ತಾನೆ. ನೆಲದ ಮೇಲೆ ನಿಂತೇ ಗೊನೆ ಕೊಯ್ಯುವ, ಔಷಧಿ ಹೊಡೆಯುವ ಹಗುರಾದ ಕಾರ್ಬನ್ ಫೈಬರ್ ದೋಟಿಯನ್ನು ತರಿಸಿ, ಅಕ್ಕಪಕ್ಕದ ತೋಟದವರಿಗೆ ಅದರ ಬಳಕೆಯನ್ನು ಒತ್ತಾಯದಿಂದ ಕಲಿಸುತ್ತಾನೆ. "ಇನ್ನೊಬ್ಬ ಮರ ಹತ್ತೋದು ಬೇಡ" ಎನ್ನುತ್ತಾನೆ. ಒಮ್ಮೆ ಹುಣ್ಣು ಮರುಕಳಿಸಿ ಒಂದು ತಿಂಗಳು ಹಾಸಿಗೆಯಲ್ಲಿದ್ದ, ಮತ್ತೆ ಎದ್ದ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಗುರುತಿಸಿದೆ; ಅದರಂತೆ ಪ್ರಮಾಣಪತ್ರ ಮಾಡಿಸಿಕೊಟ್ಟೆವು. ಇಂಥವರಿರುವ ಮನೆಯವರು ಇದನ್ನು ಮರೆಯಬಾರದು.

ಕೊನೆಗೊಂದು ಮಾತು. ಊರಿಗೆ ಬಂದ ಮೇಲೆ ಮೊದಲ ಜಾತ್ರೆಗೆ ಮಠಕ್ಕೆ ಹೋದೆವು. ದಾಸೋಹದ ಮನೆಗೆ ಐದು ಮೆಟ್ಟಿಲು. ಆರು ಜನ ತರುಣರು ಭಕ್ತಿಯಿಂದ ಓಡಿಬಂದು ಕುರ್ಚಿ ಸಹಿತ ಸೋದರಳಿಯನನ್ನು ಎತ್ತಿ ಒಳಗೊಯ್ದರು. ಎಲ್ಲರೂ ಅವರ ಸೇವೆಯನ್ನು ಕೊಂಡಾಡಿದರು. ರಾತ್ರಿ ಆತ ನಮ್ಮೊಡನೆ ಮೆಲ್ಲನೆ ಹೇಳಿದ: "ಮಾವ, ಉತ್ಸವಮೂರ್ತಿ ಆದ ಹಾಗಾಯ್ತು. ಅವರು ಎತ್ತಿದ್ದು ಸಂತೋಷವೇ. ಆದರೆ ಬೇಸರ ಬಂದು ಹೊರಗೆ ಹೋಗಬೇಕು ಅನ್ನಿಸಿದರೆ ಮತ್ತೆ ಆರು ಜನರನ್ನ ಕರೀಬೇಕಲ್ಲ." ನಾವು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡೆವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿಯಲ್ಲಿದ್ದವರು ತಾವೇ ಏರುವುದು ಕಷ್ಟ. ಐದು ಮೆಟ್ಟಿಲಿನ ಎತ್ತರ ಎರಡೂವರೆ ಅಡಿ. ಮೂವತ್ತು ಅಡಿಯ ಇಳಿಜಾರು. ಊರಿನವರೇ ಮಣ್ಣು ಕಲ್ಲು ಹೊತ್ತರು. ಮುಗಿದ ದಿನ ಅದರ ಮೇಲೆ ಮೊದಲು ನಡೆದು ಬಂದವರು ಮಂಡಿನೋವಿನ ಮುದುಕಿಯರು. ಇಷ್ಟು ವರ್ಷ ಅವರು ಮೆಟ್ಟಿಲಿನ ಕೆಳಗೇ ಕುಳಿತು ಪ್ರಸಾದ ತರಿಸಿಕೊಳ್ಳುತ್ತಿದ್ದುದು ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ನಮ್ಮ ಮಠಗಳು, ಕಲ್ಯಾಣಮಂಟಪಗಳು, ಶಾಲೆಗಳು, ಸಮುದಾಯ ಭವನಗಳ ಹೊಣೆ ಹೊತ್ತ ಬಂಧುಗಳು ಒಮ್ಮೆ ತಮ್ಮ ಬಾಗಿಲಿನ ಮುಂದೆ ನಿಂತು ಮೆಟ್ಟಿಲುಗಳನ್ನು ಎಣಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಕಳೆದ ಜಾತ್ರೆಯಂದು ನಾವು ಮಠವನ್ನು ತಲುಪುವಾಗ ಹೊತ್ತು ಏರಿತ್ತು. ಸೋದರಳಿಯನಿಗೆ ನೆರವು ಬೇಕಾದೀತೆಂದು ಇಳಿಜಾರಿನ ಬಳಿ ಕಾಯುತ್ತ ನಿಂತೆವು. ಬಹಳ ಹೊತ್ತಾದರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ, ಆತ ಬೆಳಗಿನಿಂದಲೇ ಬಂದು, ಮಡಿಲಿನ ಮೇಲೆ ಹಲಗೆ ಇಟ್ಟುಕೊಂಡು, ದಾಸೋಹಕ್ಕೆ ಕುಂಬಳಕಾಯಿ ಹೆಚ್ಚುತ್ತಿದ್ದ.